ಏಳನೆಯ ಸಹಿ

ಪಟ್ಟಿ ಬರೆದವನು ನಾನೇ. ಶಿವಯೋಗೀಶನ ಅಕ್ಷರ ಚೆಂದ ಎಂದು ಎಲ್ಲರೂ ಪೆನ್ನನ್ನು ನನ್ನ ಕೈಗೇ ಕೊಟ್ಟಿದ್ದರು. ಮೊದಲನೆಯ ಸಾಲಿನಲ್ಲಿ ಗುರುಸಿದ್ದಯ್ಯನವರ ಹೆಸರು ಬರೆಯುವಾಗ ನಾನು ಯೋಚನೆಯನ್ನೇ ಮಾಡಲಿಲ್ಲ. ತಾರಿಹಾಳದ ನಮ್ಮ ಖಾರಪುಡಿ ಕಾರ್ಖಾನೆಯಲ್ಲಿ ಮದುವೆಯ ಉಡುಗೊರೆ ಬರೆಯುವ ಆಯೇರಿ ಪಟ್ಟಿಯಿರಲಿ, ಗಣಪತಿ ಕೂರಿಸುವ ಚಂದಾ ಚೀಟಿಯಿರಲಿ, ಮೊದಲು ಅವರ ಹೆಸರು, ಆಮೇಲೆ ಉಳಿದವರದು. ಮೂವತ್ತೊಂದು ವರ್ಷ ಗಿರಣಿಯ ಮುಂದೆ ನಿಂತ ಮನುಷ್ಯ. ಅವರು ನಿವೃತ್ತರಾಗಿ ಆಗಲೇ ಎರಡು ತಿಂಗಳಾಗಿತ್ತು. ಆದರೇನಂತೆ, ಯೂನಿಯನ್ನಿನ ಅರ್ಜಿಗೆ ಹಿರಿಯರ ಹೆಸರಿಲ್ಲದಿದ್ದರೆ ಹೇಗೆ ಎಂದೇ ನಾವೆಲ್ಲ ಅಂದುಕೊಂಡದ್ದು.

ಯೂನಿಯನ್ನು ಬೇಕಾದದ್ದು ಒಂದು ಫ್ಯಾನಿಗಾಗಿ. ಗಿರಣಿ ಕೋಣೆಯ ಧೂಳನ್ನು ಹೊರಗೆ ಎಳೆಯುವ ಫ್ಯಾನು ಕೆಟ್ಟು ಎರಡು ವರ್ಷವಾಗಿತ್ತು. ಖಾರದ ಘಾಟಿಗೆ ಹೆಂಗಸರು ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಳ್ಳುತ್ತಿದ್ದರು. ಕೇಳಲು ಹೋದರೆ ಮಾಲೀಕರು ನಗುನಗುತ್ತಲೇ, “ಹಿಂಗ ಗುಂಪು ಕಟ್ಕೊಂಡು ಬಂದ್ರ ನಾ ಯಾರ ಜೋಡಿ ಮಾತಾಡ್ಲಿ? ನೀವೇನು ಯೂನಿಯನ್ನಾ? ರಜಿಸ್ಟರ್ ಆಗೇತೇನು?” ಎಂದರು. ಸರಿ, ಆಗಿಯೇ ಬರೋಣ ಎಂದು ಹೊರಟೆವು. ಅರವತ್ತು ಮಂದಿಯ ಕಾರ್ಖಾನೆಗೆ ಏಳು ಜನ ಅರ್ಜಿದಾರರು ಸಾಕು ಎಂದು ಮಾಳಮಡ್ಡಿಯ ವಕೀಲರಾದ ತ್ರ್ಯಂಬಕರಾಯರು ಹೇಳಿದ್ದರು.

ಲೇಬರ್ ಆಫೀಸಿನವರು ಆ ಏಳು ಹೆಸರುಗಳನ್ನು ತಾಳೆ ನೋಡಲೆಂದು ಕಾರ್ಖಾನೆಗೆ ಕಳಿಸಿದರು. ಅದು ರೂಢಿಯಂತೆ. ನಾಲ್ಕನೆಯ ದಿನ ಬೆಳಿಗ್ಗೆ ಗೇಟಿನಲ್ಲಿ ವಾಚ್‌ಮನ್ ನಮ್ಮ ಆರು ಜನರನ್ನು ತಡೆದು, “ನಿಮ್ಮನ್ನ ಒಳಗ ಬಿಡಬ್ಯಾಡ ಅಂದಾರ್ರಿ” ಎಂದ. ನಮ್ಮಲ್ಲಿ ಹಿರಿಯಳಾದ ಶಿವಬಸವ್ವ ಅವನಿಗೆ ಬಾಯಿಗೆ ಬಂದಂತೆ ಬೈದಳು. ಗಂಡ ಸತ್ತ ಮೇಲೆ ಹದಿನಾರು ವರ್ಷ ಇಲ್ಲೇ ಮೆಣಸಿನಕಾಯಿ ತೊಟ್ಟು ಬಿಡಿಸಿದವಳು, ಬೈಯುವ ಹಕ್ಕು ಅವಳಿಗಿತ್ತು. ನನಗೆ ಸಿಟ್ಟೂ ಬರಲಿಲ್ಲ. ಬುತ್ತಿ ಹಿಡಿದುಕೊಂಡು ಬಸ್‌ಸ್ಟಾಪಿಗೆ ಹೋಗಿ ನಿಂತೆ. ನನ್ನ ಹೆಂಡತಿ ಸೌಮ್ಯಾ ಅದೇ ಕಾರ್ಖಾನೆಯ ಪ್ಯಾಕಿಂಗಿನಲ್ಲಿದ್ದಾಳೆ. ಅವಳ ಹೆಸರು ಪಟ್ಟಿಯಲ್ಲಿರಲಿಲ್ಲ, ಅವಳನ್ನು ಒಳಗೆ ಬಿಟ್ಟರು. ಹೋಗುತ್ತ ಹೋಗುತ್ತ ಎರಡು ಸಲ ತಿರುಗಿ ನೋಡಿದಳು.

ಮರುದಿನ ತ್ರ್ಯಂಬಕರಾಯರು ಕರೆಸಿದರು. ಅವರ ಕೈಯಲ್ಲಿ ಲೇಬರ್ ಆಫೀಸಿನ ಪತ್ರವಿತ್ತು.

“ಒಂದು ಎಡವಟ್ಟಾಗ್ಯದ ಶಿವಯೋಗಿ. ಗುರುಸಿದ್ದಯ್ಯನವರು ಹಾಜರಿ ಪುಸ್ತಕದಾಗ ಇಲ್ಲ ಅಂತ ಕಂಪನಿಯವರು ಬರದಾರ. ಖರೇನೂ ಅದ. ಅವರನ್ನ ಅಧ್ಯಕ್ಷರನ್ನ ಮಾಡ್ರಿ, ಕಾಯ್ದೆ ಬ್ಯಾಡ ಅನ್ನೂದಿಲ್ಲ. ಆದ್ರ ಅರ್ಜಿದಾರರು ಏಳೂ ಮಂದಿ ಕೆಲಸದಾಗ ಇದ್ದವರ ಇರಬೇಕಿತ್ತು. ನಿಮ್ಮವು ಆರ ಆದವು.”

“ಈಗ ಏನ್ ಮಾಡೂದ್ರಿ?”

“ಸೋಮವಾರ ಐದರೊಳಗ ಇನ್ನೊಂದು ಸಹಿ ತರ್ರಿ. ರಜಿಸ್ಟರ್ ನಂಬರ್ ಸಿಕ್ಕರ ನಿಮ್ಮ ಆರೂ ಮಂದಿ ಸಲುವಾಗಿ ಯೂನಿಯನ್ನ ಮಾತಾಡ್ತದ. ಇಲ್ಲಂದ್ರ ಅರ್ಜಿ ವಜಾ. ಒಬ್ಬೊಬ್ಬರು ಕೋರ್ಟಿಗೆ ಅಡ್ಡಾಡಬೇಕು.”

ನಾಲ್ಕು ದಿನ ತಿರುಗಿದೆ. ಹಳೇ ಹುಬ್ಬಳ್ಳಿಯ ಒಂದು ಮನೆಯಲ್ಲಿ ಚಹಾ ಕೊಟ್ಟರು, ಪೆನ್ನು ಮುಟ್ಟಲಿಲ್ಲ. ಕೇಶ್ವಾಪುರದಲ್ಲಿ ಒಬ್ಬಳು ನನ್ನನ್ನು ಕಂಡವಳೇ ಅವಸರ ಅವಸರವಾಗಿ ಆಟೋ ಹತ್ತಿದಳು. ಗಿರಣಿಯಲ್ಲಿ ನನ್ನ ಜೊತೆಗಿದ್ದ ಫರಾಜ ಮಾತ್ರ ಎದುರು ಕೂತು, “ತಂಗಿ ನಿಕಾ ಐತಣ್ಣಾ ಮುಂದಿನ ತಿಂಗಳ, ಈಗ ಕೆಲಸ ಹೋದ್ರ ಹೆಂಗ?” ಎಂದ. ನಾನು ಅವನಿಗೆ ಅರ್ಧ ತಾಸು ಭಾಷಣ ಬಿಗಿದೆ. ಎಲ್ಲರ ಮನ್ಯಾಗೂ ಒಂದೊಂದು ಕಾರಣ ಇದ್ದ ಇರತೈತಿ, ಕಾರಣ ನೋಡಿಕೋತ ಕುಂತ್ರ ಆ ಫ್ಯಾನ್ ತಿರುಗೂದ್ಯಾವಾಗ ಎಂದೆ. ಅವನು ತಲೆ ತಗ್ಗಿಸಿ ಕೂತಿದ್ದ. ಅವನ ಕಣ್ಣಲ್ಲಿ ನೀರು ಬಂದದ್ದು ಕಂಡಿತು. ನಾನು ಎದ್ದು ಬಂದೆ.

ಸೋಮವಾರ ಬೆಳಿಗ್ಗೆ ಸೌಮ್ಯಾ ರೊಟ್ಟಿ ಬಡಿಯುತ್ತ ಕೇಳಿದಳು.

“ಏಳನೇದವ್ರು ಸಿಕ್ರೇನ್ರಿ?”

ನಾನು ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದೆ. ಅವಳು ಒಲೆ ಸಣ್ಣ ಮಾಡಿ, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ನನ್ನ ಮುಂದೆ ಬಂದು ನಿಂತಳು. “ನಾ ಮಾಡ್ತೇನ್ರಿ. ತರ್ರಿಲ್ಲೆ.”

ಕಾಗದ ನನ್ನ ಅಂಗಿಯ ಕಿಸೆಯಲ್ಲೇ ಇತ್ತು. ಪೆನ್ನೂ ಇತ್ತು.

“ಬ್ಯಾಡ,” ಎಂದೆ. “ಸಿಕ್ಕಾರ.”

“ಯಾರು?”

“ಫರಾಜ.”

“ಛಲೋ ಆತ ಬಿಡ್ರಿ,” ಎಂದಳು, ಮುಖ ಅರಳಿತು. “ಪಾಪ, ಧೈರ್ಯ ಮಾಡಿದ ನೋಡ್ರಿ ಹುಡುಗ.” ಬುತ್ತಿ ಕಟ್ಟಿಕೊಂಡು ಎಂಟು ಗಂಟೆಯ ಪಾಳಿಗೆ ಹೊರಟುಹೋದಳು.

ಹೆದರಿದ್ದೆ, ಅಷ್ಟೇ. ಮನೆಗೆ ಉಳಿದದ್ದು ಅವಳ ಪಗಾರವೊಂದೇ. ಅದೂ ಹೋದರೆ ಬಾಡಿಗೆ ಮನೆಯಲ್ಲಿ ಇಬ್ಬರೂ ಮುಖ ಮುಖ ನೋಡಿಕೊಂಡು ಕೂರಬೇಕಾಗುತ್ತಿತ್ತು. ಫರಾಜನಿಗೆ ಬಿಗಿದ ಭಾಷಣ ಒಂದಕ್ಷರ ಬಿಡದೆ ನೆನಪಿತ್ತು. ನಾಚಿಕೆಯಾಗಬೇಕು ಎಂದುಕೊಂಡೆ, ಆಗಲಿಲ್ಲ. ಒಲೆಯ ಮೇಲಿನ ರೊಟ್ಟಿ ಸೀದಿತ್ತು, ಅದನ್ನೇ ಹರಿದುಕೊಂಡು ತಿಂದೆ.

ಲೇಬರ್ ಆಫೀಸಿನಲ್ಲಿ ಗುಮಾಸ್ತರು ಒಳ್ಳೆಯವರು. ನಾಲ್ಕು ಗಂಟೆಗೆ, “ಇನ್ನೂ ಒಂದು ತಾಸು ಐತ್ರಿ, ಫೋನ್ ಹಚ್ಚಿ ಯಾರನ್ನರ ಕರಸ್ರಿ” ಎಂದರು. ನಾನು ಫೋನು ಕೈಯಲ್ಲಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತೆ. ಪ್ಯಾಕಿಂಗಿನವರ ಪಾಳಿ ಬಿಡುವುದೂ ನಾಲ್ಕಕ್ಕೇ. ತಾರಿಹಾಳದಿಂದ ಆಟೋ ಮಾಡಿಕೊಂಡರೆ ಅರ್ಧ ತಾಸಿನ ದಾರಿ. ಐದಕ್ಕೆ ಗುಮಾಸ್ತರು ಕಡತ ಮುಚ್ಚಿ, ಅರ್ಜಿ ವಜಾ ಎಂಬ ಹಿಂಬರಹಕ್ಕೆ ನನ್ನ ರುಜು ಹಾಕಿಸಿಕೊಂಡರು. ನನ್ನ ಅಕ್ಷರ ಆಗಲೂ ಚೆಂದವಾಗಿಯೇ ಬಂತು.

ಹೊರಗೆ ಬೇವಿನ ಮರದ ಕೆಳಗೆ ಉಳಿದ ಐವರೂ ನಿಂತಿದ್ದರು. ಗುರುಸಿದ್ದಯ್ಯನವರೂ ಬಂದಿದ್ದರು. ನನ್ನ ಮುಖ ನೋಡಿಯೇ ಎಲ್ಲರಿಗೂ ತಿಳಿಯಿತು.

“ನನ್ನ ಹೆಸರು ಬ್ಯಾಡ ಅನ್ನಬೇಕಾಗಿತ್ತು ನಾ,” ಎಂದರು ಗುರುಸಿದ್ದಯ್ಯನವರು. “ನೀವು ಅದನ್ನ ಎಲ್ಲಾರಕಿಂತ ಮೊದಲು ಬರದಾಗ ಹಿಗ್ಗಿಬಿಟ್ಟೆ.” ಅವರು ನಿಧಾನಕ್ಕೆ ಬಸ್‌ಸ್ಟಾಪಿನ ಕಡೆ ನಡೆದರು, ಉಳಿದವರೂ ಹಿಂದೆ ಹೋದರು. ಶಿವಬಸವ್ವ ಮಾತ್ರ ನಿಂತಳು.

“ಅರವತ್ತು ಮಂದ್ಯಾಗ ಒಬ್ರೂ ಸಿಗಲಿಲ್ಲೇನೋ ತಮ್ಮಾ?”

“ಇಲ್ಲಕ್ಕಾ.”

“ಸೌಮ್ಯಾನ್ನ ಕೇಳಿದ್ದೇನು?”

ಎದುರಿನ ರಸ್ತೆಯಲ್ಲಿ ಧಾರವಾಡದ ಬಸ್ಸು ಹೋಯಿತು. ಅದು ದಾಟುವವರೆಗೆ ಕಾದೆ.

“ಕೇಳಿದ್ದೆ. ಒಲ್ಲೆ ಅಂದ್ಲು.”

ಶಿವಬಸವ್ವ ಹತ್ತಿರ ಬಂದಳು. ಆಮೇಲೆ ನನ್ನ ತೋಳು ಸವರಿ, “ಹೋಗ್ಲಿ ಬಿಡು. ಅಂಜಿರತಾಳ ಪಾಪ, ಆಕೀದೇನು ತಪ್ಪು? ಮನಿಗಿ ಹೋಗಿ ಆಕಿಗಿ ಬೈಬ್ಯಾಡ ಮತ್ತ,” ಎಂದಳು.

“ಇಲ್ಲಕ್ಕಾ,” ಎಂದೆ. “ಬೈಯೂದಿಲ್ಲ.”