ಒಂದನೇ ನಂಬರಿನ ಮುದ್ದೆಮಾಲು

ನಾನು ಒಂದು ಕತ್ತರಿ. ಕಮ್ಮಾರ ಕಾಳಪ್ಪ ಲಾರಿಯ ಹಳೆಯ ಪಟ್ಟಿಯನ್ನು ಕಾಯಿಸಿ ಬಡಿದು ನನ್ನನ್ನು ಮಾಡಿದ. ಇಪ್ಪತ್ತು ವರ್ಷ ದರ್ಜಿ ಪಾಂಡೋಬಾನ ಕೈಯಲ್ಲಿ ಸಾವಿರಾರು ಜಂಪರು ಕತ್ತರಿಸಿದೆ. ಅಲಗು ಮೊಂಡಾದೀತೆಂದು ಅವನು ನನಗೆ ಕಾಗದವನ್ನು ಮುಟ್ಟಿಸಿದವನಲ್ಲ. ಈಗ ನನ್ನ ಮೈಗೆಲ್ಲ ಕಾಗದವೇ ಅಂಟಿದೆ.

ಗಟಾರದ ವಿಷಯಕ್ಕೆ ನೆರೆಮನೆಯ ಗುರುಪಾದಪ್ಪನ ಜೊತೆ ಜಗಳವಾದಾಗ ಪಾಂಡೋಬಾ, "ನಿನ್ನ ಕತ್ತರಿಸಿ ಒಗೀತೀನಿ ನೋಡು" ಎಂದುಬಿಟ್ಟ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ಮುಂದಿನ ಸೋಮವಾರ ಸಂಜೆ ಓಣಿಯಲ್ಲಿ ಯಾರೋ ಗುರುಪಾದಪ್ಪನ ಬೆನ್ನಿಗೆ ಇರಿದು ಓಡಿದರು. ಮುಖ ಕಾಣದಿದ್ದರೂ ಆಸ್ಪತ್ರೆಯಲ್ಲಿ ಅವನು ಪಾಂಡೋಬಾನ ಹೆಸರು ಹೇಳಿದ. ಎಫ್‌ಐಆರ್ ಆಯಿತು.

ಮಂಗಳವಾರ ಪೊಲೀಸರು ಅಂಗಡಿಗೆ ಬಂದಾಗ, ಸಾಣೆ ಹಿಡಿಯುವ ಇಮಾಮಸಾಬ ಆಗಷ್ಟೇ ನನ್ನನ್ನು ತಂದು ಮೇಜಿನ ಮೇಲಿಟ್ಟಿದ್ದ. ಭಾನುವಾರದಿಂದ ನಾನು ಅವನ ಸೈಕಲ್ಲಿನ ಚೀಲದಲ್ಲೇ ಇದ್ದೆ. ಜಪ್ತಿಗೆ ಸಾಕ್ಷಿಯಾಗಿ ಪಂಚರು ಬೇಕಲ್ಲ, ಎದುರಿಗೆ ಸಿಕ್ಕ ಅವನಿಂದಲೇ ಹೆಬ್ಬೆಟ್ಟು ಒತ್ತಿಸಿಕೊಂಡರು. ಬರೆದದ್ದನ್ನು ಓದಿ ಹೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ, ಚೀಟಿ ಕಟ್ಟಿದರು. ನಾನು ಮುದ್ದೆಮಾಲಾದೆ.

ಪಾಂಡೋಬಾ ಜೈಲಿಗೆ, ನಾನು ಕೋರ್ಟಿನ ಕೋಣೆಗೆ. ದೋಷಾರೋಪ ಪಟ್ಟಿ ಬಂತು, ಮ್ಯಾಜಿಸ್ಟ್ರೇಟರು ಕೇಸನ್ನು ಸೆಷನ್ಸ್ ಕೋರ್ಟಿಗೆ ಒಪ್ಪಿಸಿದರು, ಜಾಮೀನು ಎರಡು ಸಲ ಸಿಗಲಿಲ್ಲ. "ಅವತ್ತ ನನ್ನ ಕತ್ತರಿ ಸಾಣಿಗೆ ಹೋಗಿತ್ರೀ" ಎಂದು ಪಾಂಡೋಬಾ ಹೇಳುತ್ತಲೇ ಇದ್ದ. ಅದಕ್ಕೆ ಸಾಕ್ಷಿ ಇಮಾಮಸಾಬ ಒಬ್ಬನೇ. ಊರೂರು ಅಲೆಯುವ ಅವನಿಗೆ ಸಮನ್ಸ್ ಮುಟ್ಟಲೇ ಇಲ್ಲ. ಪ್ರತಿ ತಾರೀಕಿಗೂ ನನಗೆ ದಿಗಿಲು. ಅವನು ಸತ್ತೇ ಹೋಗಿದ್ದರೆ? ಬಂದರೂ ಹೆದರಿ ಎಲ್ಲಕ್ಕೂ ಹೂಂಗುಟ್ಟಿದರೆ?

ಎರಡನೇ ವರ್ಷ ಬಂದ. ನನ್ನ ಮುದ್ರೆ ಒಡೆದರು. "ಇದು ನಿನ್ನ ಮುಂದೆ ಜಪ್ತಿಯಾದದ್ದೇನು?" ಎಂದು ಸರ್ಕಾರಿ ವಕೀಲರು ಕೇಳಿದರು. "ಹೌದ್ರೀ" ಎಂದ. ನನ್ನ ಜೀವವೇ ಹಾರಿಹೋಯಿತು. ಆಗ ಪಾಂಡೋಬಾನ ವಕೀಲರು ಎದ್ದು, "ಅದಕ್ಕೂ ಮೊದಲು ಇದನ್ನು ನೋಡಿದ್ದೆಯಾ?" ಎಂದರು.

"ನೋಡೂದೇನ್ರೀ, ಐತವಾರದಿಂದ ನನ್ನ ಕಡೇನ ಇತ್ತಲ್ರೀ. ಸಾಣಿ ಹಿಡದು ಮಂಗಳವಾರ ಮುಂಜಾನೆ ತಂದು ಕೊಟ್ಟೀನಿ. ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ."

ತೀರ್ಪಿನ ದಿನ ಪಾಂಡೋಬಾ ನಿರ್ದೋಷಿ ಎಂದರು. ಕೊನೆಯ ಸಾಲನ್ನೂ ಓದಿದರು: ಒಂದನೇ ನಂಬರಿನ ಮುದ್ದೆಮಾಲು ಬೆಲೆಯಿಲ್ಲದ್ದು, ಮೇಲ್ಮನವಿಯ ಅವಧಿ ಮುಗಿದ ಮೇಲೆ ನಾಶಪಡಿಸತಕ್ಕದ್ದು. ಕಟಕಟೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಪಾಂಡೋಬಾ ಕೈಮುಗಿದ.

"ಸಾಹೇಬ್ರ, ಅದೂ ಏನೂ ಮಾಡಿಲ್ರೀ."

"ಅರ್ಜಿ ಕೊಡಪ್ಪ" ಎಂದರು ನ್ಯಾಯಾಧೀಶರು.

ಅವಧಿ ಮುಗಿಯಲು ಇನ್ನು ಹನ್ನೊಂದು ದಿನ. ತುಕ್ಕು ಹಿಡಿದು ಕೂತಿದ್ದೇನೆ. ಬೀಗದ ಸದ್ದಾದರೆ ಸಾಕು, ಬಂದದ್ದು ಅವನ ಅರ್ಜಿಯೋ, ಸುತ್ತಿಗೆಯೋ ಎಂದು ಎರಡೂ ಅಲಗು ನಡುಗುತ್ತವೆ. ಬೀಗದೊಳಗೆ ಕಾಯುವುದೆಂದರೆ ಏನೆಂದು ಅವನಿಗೆ ಗೊತ್ತು. ಬಂದೇ ಬರುತ್ತಾನೆ.