ಪಡಸಾಲೆಯ ಲೆಕ್ಕ

ನನ್ನ ಓರಗಿತ್ತಿ ನನ್ನ ಪಾಠವನ್ನು ಒಂದು ದಿನವೂ ಪಾಠ ಎಂದು ಕರೆದವಳಲ್ಲ. ಅವಳ ಬಾಯಲ್ಲಿ ಅದು 'ಆಟ ಆಡಿಸೋದು'. ಪಡಸಾಲೆಯ ನೆಲದ ಮೇಲೆ ಬೀದಿಯ ಮಕ್ಕಳನ್ನು ಕೂರಿಸಿಕೊಂಡು, ಮರದ ಬ್ಲಾಕು, ಬಣ್ಣದ ಚೌಕ ಬಿಲ್ಲೆಗಳಲ್ಲಿ ನಾನು ಗುಣಾಕಾರ, ಭಾಗಾಕಾರ ಕಲಿಸುತ್ತಿದ್ದರೆ ಬೇಕೆಂದೇ ಅದೇ ಹೊತ್ತಿಗೆ ಪೊರಕೆ ಹಿಡಿದು ಬರುವಳು. ಅವಳನ್ನು ಅಕ್ಕ ಎನ್ನುವುದು ನನ್ನ ಬಾಯಿಯ ಅಭ್ಯಾಸ, ಅಷ್ಟೆ. ಹೊಟ್ಟೆಯೊಳಗಿನ ಮಾತು ಬೇರೆ.

ಮನೆ ಪಾಲಾಗುವಾಗ ಕೋಣೆಗಳೆಲ್ಲ ಸಲೀಸಾಗಿ ಹಂಚಿಹೋದವು. ಉಳಿದದ್ದು ಪಡಸಾಲೆ. ಅದಕ್ಕೂ ಗೋಡೆ ಹಾಕಿಬಿಡೋಣ ಎಂದರು ಭಾವ. ಅಣ್ಣನೆದುರು ಎಂದೂ ಬಾಯಿ ಬಿಡದ ನನ್ನ ಗಂಡ ತಲೆಯಾಡಿಸಿದರು. ಅರ್ಧ ಸಿಕ್ಕರೂ ನನ್ನ ತರಗತಿ ನಡೆಯುತ್ತಿತ್ತು. ಅದೂ ಹೋದರೆ ಈ ಮನೆಯಲ್ಲಿ ನನ್ನದು ಎನ್ನಲು ಒಲೆಯ ಹೊರತು ಏನೂ ಉಳಿಯುತ್ತಿರಲಿಲ್ಲ. ಗೋಡೆ ಎಲ್ಲಿ ಬರಬೇಕೆಂದು ಜಗಳ ಹತ್ತಿದಾಗ ನಾನೇ ಜಂಬ ಕೊಚ್ಚಿದೆ. ನನ್ನ ತರಗತಿಯ ಮಕ್ಕಳ ಕೈಗೆ ಕೊಡಿ, ದೊಡ್ಡವರಿಗಿಂತ ನೆಟ್ಟಗೆ ಪಾಲು ಮಾಡಿಕೊಡುತ್ತಾರೆ ಎಂದೆ. ಅಕ್ಕ ಕೂಡಲೇ ಒಪ್ಪಿದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮಕ್ಕಳಿಗೆಲ್ಲ ಒಂದೊಂದು ರಟ್ಟಿನ ಮೇಲೆ ಪಡಸಾಲೆಯ ನಕ್ಷೆ ಬರೆದು, ನೆಲದ ಒಂದೊಂದು ಕಲ್ಲಿಗೂ ಒಂದೊಂದು ಚೌಕ ಎಳೆದೆ. ಕೆಂಪು ಬಿಲ್ಲೆ ಅವರದು, ಹಸಿರು ನಮ್ಮದು. ಆಕಾರ ಹೇಗೇ ಇರಲಿ, ಬಿಲ್ಲೆಗಳ ಎಣಿಕೆ ಒಂದೇ ಆದರೆ ಜಾಗವೂ ಸಮ. ನಾನು ಆ ತಿಂಗಳೆಲ್ಲ ಗಂಟಲು ಹರಿದುಕೊಂಡು ಕಲಿಸಿದ್ದು ಇದನ್ನೇ.

ಸಂಜೆ ಎಲ್ಲರಿಗಿಂತ ಮೊದಲು ಉತ್ತರ ತಂದವಳು ಅಕ್ಕನ ಮಗಳು. ತಾಯಿ ಎಷ್ಟು ಬೈದರೂ ಬಂದು ಕೂರುವವಳು, ತರಗತಿಗೆಲ್ಲ ಚುರುಕು. ರಟ್ಟನ್ನು ನಮ್ಮೆಲ್ಲರ ನಡುವೆ ಇಟ್ಟಳು. ಬೀದಿಬಾಗಿಲು, ಅದರ ಸಾಲಿನ ಕಿಟಕಿಗಳನ್ನೆಲ್ಲ ಒಳಗೆ ಹಾಕಿಕೊಂಡು ಅಗಲವಾದ ಒಂದು ಕೆಂಪು ಆಯತ. ಅದರ ಮೂರು ಪಕ್ಕಕ್ಕೂ ಗೋಡೆಗಂಟಿಕೊಂಡು, ಎರಡೇ ಚೌಕ ಅಗಲದ ಹಸಿರು ಪಟ್ಟಿ. ಮನೆ ಸುತ್ತುವ ಮೋರಿಯ ಹಾಗಿತ್ತು ನಮ್ಮ ಪಾಲು.

"ಅಮ್ಮ ಕಷ್ಟದ ಲೆಕ್ಕ ಕೊಟ್ಟಿದ್ಲು ಚಿಕ್ಕಮ್ಮ," ಎಂದಳು ಹುಡುಗಿ ಹಿಗ್ಗಿನಿಂದ. "ಬಾಗ್ಲು, ಕಿಟಕಿ ಎಲ್ಲ ಕೆಂಪಲ್ಲೇ ಇರ್ಬೇಕು. ಹಸಿರು ಮೂರು ಗೋಡೆಗೂ ಉದ್ದಕ್ಕೂ ಅಂಟಿರ್ಬೇಕು. ಆದ್ರೂ ಸಮ ಬರ್ಬೇಕು ಅಂತ. ಬಂತು ನೋಡು."

ನನಗೆ ಮೈ ಉರಿದುಹೋಯಿತು. ಅಲ್ಲಿ ನಾಲ್ಕು ಮಕ್ಕಳಿಗೆ ದುಂಡಗೆ ಕೂರಲಾಗುವುದಿಲ್ಲ, ಎಣಿಕೆ ಸರಿಯಾದರೆ ಸಾಕೇ, ಜಾಗ ಉಪಯೋಗಕ್ಕೆ ಬರಬೇಡವೇ ಎಂದು ಕೂಗಾಡಿದೆ. ನಿನ್ನ ಚಿತ್ರಪಟ ತೂಗುಹಾಕಲು ಮೂರು ಗೋಡೆ ಬಿಟ್ಟುಕೊಟ್ಟಿದ್ದೀನಲ್ಲ ಎಂದಳು ಅಕ್ಕ, ನಗದೆ. ಆಮೇಲೆ ರಟ್ಟಿನ ಮೇಲೆ ಬೆರಳಿಟ್ಟಳು.

"ಒಂದೇ ಮಾತು ಹೇಳು. ಮಗು ಲೆಕ್ಕ ಸರಿನಾ, ತಪ್ಪಾ? ತಪ್ಪು ಅಂದ್ರೆ ಇಷ್ಟು ದಿನ ನೀನು ಮಾಡಿದ್ದು ಬರೀ ಆಟ, ನಾನು ಹೇಳ್ತಾ ಬಂದ ಹಾಗೆ. ಸರಿ ಅಂದ್ರೆ ಗೋಡೆ ಅಲ್ಲೇ."

ಭಾವ ಸೂರು ನೋಡಿದರು. ನನ್ನ ಗಂಡ ತಮ್ಮ ಕಾಲ್ಬೆರಳು ನೋಡಿಕೊಂಡರು. ನಾನು ಬಿಲ್ಲೆ ಎಣಿಸಿದೆ, ಮತ್ತೆ ಎಣಿಸಿದೆ. ಒಂದಾದರೂ ಹೆಚ್ಚು ಕಡಿಮೆ ಬರಲಿ ಎಂದು ಹಾರೈಸಿದೆ. ಬರಲಿಲ್ಲ. ನನ್ನ ತರಗತಿಯಲ್ಲಿ ಯಾರೂ ಮಾಡಿರದಂಥ ಚೆಂದದ ಲೆಕ್ಕ ಅದು, ಅದನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಆದರೆ ಆ ಹೆಂಗಸಿನ ಮುಂದೆ ನನ್ನ ಪಾಠವನ್ನು ಆಟ ಎಂದು ಒಪ್ಪಿಕೊಳ್ಳಲೇ?

"ಸರಿ ಇದೆ," ಎಂದೆ.

ಭಾವ ಆಗಲೇ ಸೀಮೆಸುಣ್ಣ ಹಿಡಿದು ನೆಲಕ್ಕೆ ಬಗ್ಗಿದರು. ಹುಡುಗಿ ಚಪ್ಪಾಳೆ ತಟ್ಟಿ, ನಾಳೆಯ ತರಗತಿ ಜೋಡಿಸುತ್ತೇನೆಂದು ಒಬ್ಬೊಬ್ಬ ಗೆಳತಿಗೆ ಒಂದರಂತೆ ಬ್ಲಾಕುಗಳನ್ನು ರಟ್ಟಿನ ಹಸಿರು ಪಟ್ಟಿಯ ಮೇಲೆ ಇಡತೊಡಗಿದಳು. ಒಬ್ಬೊಬ್ಬರಿಗೆ ನಾಲ್ಕು ಚೌಕ ಬೇಕೆಂದು ನಾನೇ ಹೇಳಿಕೊಟ್ಟಿದ್ದೆ. ಪಟ್ಟಿ ತುಂಬಿತು. ಅವಳ ಕೈಯಲ್ಲಿ ಒಂದು ಬ್ಲಾಕು ಉಳಿಯಿತು.

"ಎಲ್ರಿಗೂ ಜಾಗ ಆಯ್ತು, ನಂಗೇ ಇಲ್ಲ ಚಿಕ್ಕಮ್ಮ. ಇದನ್ನ ಅಳಿಸಿ ಇನ್ನೊಂದ್ಸಲ ಮಾಡ್ಲಾ?"

ಅಕ್ಕ ಆ ಬ್ಲಾಕನ್ನು ಅವಳ ಕೈಯಿಂದ ಕಿತ್ತುಕೊಂಡು ಕೆಂಪಿನ ನಟ್ಟನಡುವೆ ಇಟ್ಟಳು. ಹುಡುಗಿ ತಾಯಿಯನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು. ಮಾಡು ಎಂದಿದ್ದರೆ ಸಾಕಿತ್ತು. ಆದರೆ ಅವಳ ತಾಯಿಯ ಮೇಲಿನ ಸಿಟ್ಟೆಲ್ಲ ನನ್ನ ನಾಲಿಗೆಗೆ ಬಂದು ಕೂತಿತ್ತು.

"ಸರಿಯಾಗಿರೋ ಲೆಕ್ಕನ ಯಾಕೆ ಅಳಿಸ್ತೀಯ? ನೀನೇ ಮಾಡಿದ್ದಲ್ವಾ."

ಅವಳು ಎದ್ದಳು. ಅಪ್ಪ ಎಳೆದ ಸುಣ್ಣದ ಗೆರೆಯನ್ನು ತುಳಿಯದಂತೆ ದಾಟಿ, ಹೋಗಿ ತಾಯಿಯ ಪಕ್ಕದಲ್ಲಿ ನಿಂತಳು.