ಕಿಟಕಿಯ ಕುಂಡ

ಜಗ್ಗು ಖಾಲಿಯಾದರೆ ರೋಗಿ ನೀರು ಕುಡಿದರು ಎಂದೇ ವಾರ್ಡಿನ ನರ್ಸುಗಳಾದ ನಮ್ಮ ಲೆಕ್ಕ. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಕಾಲು ಮುರಿದು ಮಲಗಿದ್ದ ಅಜ್ಜಿಯ ಜಗ್ಗು ದಿನವೂ ಖಾಲಿಯಾಗುತ್ತಿತ್ತು, ಮೂತ್ರ ಮಾತ್ರ ಹೆಸರಿಗಷ್ಟೇ ಬರುತ್ತಿತ್ತು. ಕಿಡ್ನಿ ಕೈಕೊಟ್ಟಿರಬಹುದೆಂದು ಡಾಕ್ಟರು ಮುಖ ಸಪ್ಪಗೆ ಮಾಡಿದರು. ಮಗಳು ಕಣ್ಣೊರೆಸಿಕೊಂಡಳು. ನನಗೋ ತಲೆ ಕೆಟ್ಟುಹೋಯಿತು: ನೀರು ಒಳಗೇ ನಿಂತಿದ್ದರೆ ಮೈ ಊದಬೇಕಿತ್ತು, ಇವರ ನಾಲಿಗೆ ನೋಡಿದರೆ ಒಣಗಿದ ಚರ್ಮದ ಹಾಗಿತ್ತು.

ಹೊದಿಕೆ ಬದಲಿಸುವಾಗ ಕಿಟಕಿಯ ಹೂಕುಂಡಕ್ಕೆ ಕೈ ತಾಗಿತು. ಮಣ್ಣು ಕೆಸರಾಗಿತ್ತು.

"ಅಜ್ಜಿ, ನೀರೆಲ್ಲ ಗಿಡಕ್ಕೆ ಹಾಕ್ತಿದ್ದೀರಾ?"

"ಮತ್ತೇನ್ ಮಾಡ್ಲಿ? ಜಗ್ಗು ಖಾಲಿ ಆಗ್ಲಿಲ್ಲ ಅಂದ್ರೆ ಬೈತೀಯ. ಕುಡಿದ್ರೆ ಗಳಿಗೆಗೊಂದು ಸಲ ಬೆಡ್‌ಪ್ಯಾನ್ ಕೇಳ್ಬೇಕು. ನೀನು ಸೊಂಟ ಹಿಡ್ಕೊಂಡು ಓಡಾಡೋದು ನನಗೆ ಕಾಣಲ್ವಾ?"

ಜಗ್ಗು ಮತ್ತೆ ತುಂಬಿಸಿ ತಂದೆ. ಪಕ್ಕದಲ್ಲಿ ಕೂತು ಗುಟುಕು ಗುಟುಕಾಗಿ ಕುಡಿಸಿದೆ.

ರಕ್ತಪರೀಕ್ಷೆಯಲ್ಲಿ ಕಿಡ್ನಿಗೆ ಏನೂ ಆಗಿಲ್ಲವೆಂದು ಬಂತು. ಸಂಜೆ ಅಜ್ಜಿ ಕೂಗಿದರು: "ಅಮ್ಮಾ, ಬೆಡ್‌ಪ್ಯಾನು! ಬೇಗ!"

ಮಗಳು ಏಳುವ ಮೊದಲೇ ನಾನು ಓಡಿದೆ. ಬಗ್ಗುವಾಗ ಸೊಂಟ ಚಳಕ್ ಎಂದಿತು. ಎನ್ನಲಿ ಬಿಡಿ.